ಕೊನೆಯ ಮೇಜಿನ ಜಾಡಿ

ಮಧ್ಯಾಹ್ನವಾದರೂ ಕೊನೆಯ ಮೇಜಿನ ಗಾಜಿನ ಜಾಡಿ ಖಾಲಿಯಾಗಿಯೇ ಇತ್ತು. ಗೇಟಿನಲ್ಲಿ ಲೋಟ ಹಂಚುತ್ತಿದ್ದ ಗಂಡನಿಗೆ ಅದು ದೂರದಿಂದಲೇ ಕಾಣುತ್ತಿತ್ತು. ಜಾಡಿಯ ಹಿಂದೆ ನಿಂತ ಹೆಂಡತಿ ಒರೆಸಿದ ಮೇಜನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು. ಅಕ್ಕಪಕ್ಕದವರ ಹೊಂಬಣ್ಣದ ಬಿಯರಿಗೆ ನೂಕುನುಗ್ಗಲು. ಇವಳದು ಕಷಾಯದಂತೆ ಕಪ್ಪು. ಜನ ಹತ್ತಿರ ಬರುತ್ತಿದ್ದರು, ಬಣ್ಣ ನೋಡುತ್ತಿದ್ದರು, ನಯವಾಗಿ ನಕ್ಕು ಮುಂದೆ ಹೋಗುತ್ತಿದ್ದರು.

ಮನೆಯವರೇ ಸೇರಿ ನಡೆಸುತ್ತಿದ್ದ ಈ ಬಿಯರ್ ಮೇಳದಲ್ಲಿ ದುಡ್ಡು ಹೇಗೆ ತೆಗೆದುಕೊಳ್ಳಬೇಕೆಂದು ಮನೆಯಲ್ಲಿ ದೊಡ್ಡ ರಾಮಾಯಣವೇ ನಡೆದಿತ್ತು. ಗೇಟಿನಲ್ಲಿ ಒಂದೇ ಟಿಕೆಟ್, ಒಳಗೆ ಬೇಕಾದಷ್ಟು ರುಚಿ ನೋಡಲಿ ಎಂದು ಗಂಡ. "ಬಿಟ್ಟಿ ಸಿಕ್ರೆ ನಂಗೂ ಇರ್ಲಿ, ನಮ್ಮಪ್ಪಂಗೂ ಇರ್ಲಿ ಅಂತಾರೆ ರೀ. ಇಷ್ಟಪಟ್ಟು ಕುಡಿದ್ರೋ, ಸುಮ್ನೆ ಕುಡಿದ್ರೋ ಹೇಗೆ ಗೊತ್ತಾಗ್ಬೇಕು?" ಎಂದು ಹೆಂಡತಿ. ಗೆದ್ದವಳು ಅವಳೇ. ಒಳಗೆ ಬರಲು ಸಣ್ಣ ಟಿಕೆಟ್, ಅದರ ಜೊತೆ ಒಂದು ಲೋಟ. ಆಮೇಲೆ ಕೆಂಪು ಬಿಲ್ಲೆ ಕೊಳ್ಳಬೇಕು. ಯಾರ ಬಿಯರಿನ ರುಚಿ ನೋಡುತ್ತೀರೋ ಅವರ ಜಾಡಿಗೆ ಒಂದು ಬಿಲ್ಲೆ. ಗಾಜಿನ ಜಾಡಿ, ಮುಚ್ಚುಮರೆ ಇಲ್ಲ. ಈಗ ಅದೇ ಜಾಡಿ ಅವಳನ್ನು ಅಣಕಿಸುತ್ತಿತ್ತು.

ಬಿಯರ್ ಕುದಿಸುವ ಶೆಡ್ಡಿನ ಬಾಡಿಗೆ ಕರಾರು ಮರುದಿನ ಮುಗಿಯುವುದಿತ್ತು. "ಜಾಡಿ ತುಂಬಿದ್ರೆ ಮುಂದುವರಿಸ್ತೀನಿ. ಇಲ್ಲಾಂದ್ರೆ ಹಂಡೆ ಮಾರಿ ಹಳೇ ಆಫೀಸಿಗೇ ಹೋಗ್ತೀನಿ," ಎಂದು ಬೆಳಿಗ್ಗೆಯೇ ಹೇಳಿದ್ದಳು. ಹಳೇ ಆಫೀಸಿನಿಂದ ಬರುವಾಗ ಅವಳ ಮುಖ ಹೇಗಿರುತ್ತಿತ್ತೆಂದು ಗಂಡನಿಗೆ ನೆನಪಿತ್ತು. ಶೆಡ್ಡಿನಿಂದ ಬರುವಾಗ ಅವಳು ಸುಸ್ತಾಗಿರುತ್ತಿದ್ದಳು, ಆದರೆ ಹಾಡು ಗುನುಗುತ್ತಿದ್ದಳು.

ಗೇಟಿನ ಪಕ್ಕದ ಮೇಜಿನಲ್ಲಿ ಟಿಕೆಟ್, ಬಿಲ್ಲೆ ಮಾರುತ್ತಿದ್ದವನು ಅವಳ ಅಣ್ಣ. ಅವನು ಊಟಕ್ಕೆ ಎದ್ದ.

"ನೀವು ಹೋಗ್ಬನ್ನಿ ಭಾವ, ಇಲ್ಲಿ ನಾನು ನೋಡ್ಕೋತೀನಿ."

"ನೀವಾ? ಟೊಮ್ಯಾಟೊ ಹಣ್ಣೋ ಕಾಯೋ ಅಂತ ಹಿಸುಕಿ ನೋಡೋ ಮನುಷ್ಯ ನೀವು!" ಭಾವ ನಕ್ಕ. ಕೆಂಪು, ಹಸಿರು ಎರಡೂ ಒಂದೇ ಥರ ಕಾಣುವ ಕಣ್ಣು ಗಂಡನದು. ಮದುವೆಯಾದಾಗಿನಿಂದ ಅವನ ಸಾಕ್ಸ್ ಜೋಡಿಸುವುದು ಹೆಂಡತಿಯೇ. ಭಾವ ಎರಡು ಚೀಲ ತೋರಿಸಿದ. "ಈ ಚೀಲದಲ್ಲಿರೋದು ಕೆಂಪು, ಮಾರೋದು. ಆ ಚೀಲದಲ್ಲಿ ಹಸಿರು, ನಮ್ಮ ಕೆಲಸದವರಿಗೆ ಪುಕ್ಕಟೆ ಕೊಡೋದು. ಯಾವ್ದನ್ನೂ ಮುಟ್ಬೇಡಿ. ಯಾರಾದ್ರೂ ಬಂದ್ರೆ ಕಾಯೋಕೆ ಹೇಳಿ."

ಭಾವ ಮರೆಯಾದದ್ದೇ ತಡ, ಗಂಡ ತನ್ನ ಪರ್ಸಿನಲ್ಲಿದ್ದ ನೋಟನ್ನೆಲ್ಲ ಗಲ್ಲಾಪೆಟ್ಟಿಗೆಗೆ ಹಾಕಿದ. ಕೆಂಪಿನದೆಂದು ತಿಳಿದ ಚೀಲಕ್ಕೆ ಕೈಹಾಕಿ, ಎರಡೂ ಜೇಬು ತುಂಬಿಕೊಂಡ. ದಾರಿಯಲ್ಲಿ ಸಿಕ್ಕವರ ಕೈಗೆಲ್ಲ ಒಂದೊಂದು ಬಿಲ್ಲೆ ಇಡತೊಡಗಿದ.

"ಇದು ನನ್ನ ಕಡೆಯಿಂದ. ಆ ಕೊನೇ ಮೇಜಲ್ಲಿ ಒಂದೇ ಒಂದು ಗುಟುಕು ನೋಡಿ. ಬಣ್ಣ ನೋಡ್ಬೇಡಿ, ಕಣ್ಮುಚ್ಚಿ ಕುಡೀರಿ."

ಮೊದಲ ಬಿಲ್ಲೆ ಟಣ್ ಎಂದು ಜಾಡಿಗೆ ಬಿದ್ದಾಗ ಹೆಂಡತಿಯ ಮುಖ ಅರಳಿತು. ಎರಡನೆಯದು ಬಿದ್ದಾಗ ಸಪ್ಪಗಾಯಿತು. ಎರಡೂ ಹಸಿರು. ಗೇಟಿನ ಕಡೆ ನೋಡಿದಳು. ಗಂಡ ಒಬ್ಬ ಮುದುಕನ ಕೈ ಹಿಡಿದುಕೊಂಡು ಇವಳ ಮೇಜಿನತ್ತ ಬೆರಳು ತೋರಿಸುತ್ತಿದ್ದ. ಅವಳಿಗೆ ಸಿಟ್ಟು ಬಂತು. ನಿಜ ತಿಳಿಯಲೆಂದೇ ಇಟ್ಟ ಜಾಡಿಗೆ ಈ ಮಹಾರಾಯ ಸುಳ್ಳು ತುಂಬುತ್ತಿದ್ದಾನಲ್ಲ! ಆದರೂ ಬಂದವರಿಗೆ ಇಲ್ಲ ಎನ್ನಲಾಗದೆ, ತುಟಿ ಬಿಗಿದುಕೊಂಡು ಒಬ್ಬೊಬ್ಬರಿಗೂ ಬಗ್ಗಿಸಿ ಕೊಟ್ಟಳು. ಅರ್ಧ ಜಾಡಿ ಹಸಿರಾಯಿತು.

ಬಿಸಿಲು ಇಳಿಯುವ ಹೊತ್ತಿಗೆ ಕನ್ನಡಕದ ಹೆಂಗಸೊಬ್ಬಳು ಮತ್ತೆ ಬಂದಳು. ಆಗಲೇ ಒಮ್ಮೆ ಹಸಿರು ಬಿಲ್ಲೆ ಹಾಕಿ ಹೋದವಳು.

"ಮೊದಲು ಕಹಿ ಅನ್ನಿಸ್ತು ಕಣ್ರೀ. ಆಮೇಲೆ ಬೇರೆ ಯಾವ್ದು ಕುಡಿದ್ರೂ ನಾಲಿಗೆ ಇದನ್ನೇ ಕೇಳ್ತಿದೆ. ನಮ್ಮಕ್ಕನ್ನೂ ಕರ್ಕೊಂಡು ಬಂದಿದ್ದೀನಿ."

ಅವಳು ಹಾಕಿದ ಎರಡು ಬಿಲ್ಲೆಗಳೂ ಕೆಂಪು. ಅವಳ ಹಿಂದೆ ಆ ಮುದುಕ. ಅವನದೂ ಕೆಂಪು. ಆಮೇಲೆ ಮೇಜು ಒರೆಸಲು ಹೆಂಡತಿಗೆ ಪುರುಸೊತ್ತೇ ಆಗಲಿಲ್ಲ.

ಮೇಳ ಮುಗಿದಾಗ ಗಂಡ ಓಡಿಬಂದ. ಹಿಂದೆಯೇ ಭಾವ.

"ನೋಡಿದ್ಯಾ? ತುಂಬಿದೆ!"

"ಇದೇನಮ್ಮಾ, ಕೆಳಗೆಲ್ಲಾ ಹಸ..." ಎಂದು ಭಾವ ಬಾಯಿ ತೆರೆದ. ಹೆಂಡತಿ ಮೇಜಿನ ಕೆಳಗೆ ಅಣ್ಣನ ಕಾಲು ತುಳಿದಳು.

"ಅಣ್ಣಾ, ಮುಂದಿನ ವರ್ಷ ಎಲ್ಲಾ ಮೇಜಲ್ಲೂ ಮೊದಲ್ನೇ ಗುಟುಕು ಪುಕ್ಕಟೆ ಇರ್ಲಿ. ದುಡ್ಡು ಎರಡನೇದಕ್ಕೆ."

ಭಾವ ಜಾಡಿ ನೋಡಿದ, ತಂಗಿಯ ಮುಖ ನೋಡಿದ, ಆಗಲಿ ಎಂದು ತಲೆಯಾಡಿಸಿದ. ಗಂಡನಿಗೆ ಕೇಳಿಸಿದ್ದು ಒಂದೇ ಮಾತು.

"ಮುಂದಿನ ವರ್ಷ ಅಂದ್ಯಾ? ಹಾಗಾದ್ರೆ ಶೆಡ್ಡು?"

"ನಾಳೆ ಬೆಳಿಗ್ಗೆ ಹೋಗಿ ಸಹಿ ಮಾಡೋಣ."

ಗಂಡನಿಗೆ ಖುಷಿಯಲ್ಲಿ ಏನು ಮಾಡಬೇಕೋ ತೋಚಲಿಲ್ಲ. ಮಗುವನ್ನು ಎತ್ತುವ ಹಾಗೆ ಎರಡೂ ಕೈಯಲ್ಲಿ ಜಾಡಿಯನ್ನು ಎತ್ತಿ, ದೀಪದ ಬೆಳಕಿಗೆ ಹಿಡಿದ. ಕೆಳಗಿನ ಅರ್ಧ ಹಸಿರು, ಮೇಲಿನ ಅರ್ಧ ಕೆಂಪು.

"ನೋಡೇ, ತಳದಿಂದ ಬಾಯಿವರೆಗೂ ಬರೀ ಕೆಂಪೇ!"

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹೂಂ ರೀ," ಎಂದಳು. "ಬರೀ ಕೆಂಪೇ."