ಬಾಗಿಲಿಗೆ ಅಡ್ಡ ನಿಂತ ಸೊಸೆ

ಹಬೆಸ್ನಾನದ ಸೌನಾ ಕೋಣೆಯಲ್ಲಿ ಕಲ್ಲುಗಳು ನಿಗಿನಿಗಿ ಕಾದಿದ್ದವು, ಬಾಗಿಲು ಮಾತ್ರ ತೆರೆಯಲೊಲ್ಲದು. ಶನಿವಾರದ ಸಂಜೆ, ತಾಂಪೆರೆ ಊರಿನ ಆ ವಸತಿ ಕಟ್ಟಡದ ನೆಲಮಾಳಿಗೆಯಲ್ಲಿ ಟವೆಲು ಸುತ್ತಿಕೊಂಡ ಜನ ಗೋಡೆಗೊರಗಿ ನಿಂತು ರೈಮೋನ ಮುಖ ನೋಡುತ್ತಿದ್ದರು. ಬಾಗಿಲ ಪಕ್ಕದಲ್ಲಿ 'ಯಾರ ಸರದಿ?' ಎಂದು ಕೇಳುವ ಪುಟ್ಟ ಪರದೆಯ ಮೇಲೆ 'ಗಂಡಸರು' ಎಂದು ಬರೆದರೂ 'ತಪ್ಪು ಉತ್ತರ', 'ಹೆಂಗಸರು' ಎಂದು ಬರೆದರೂ 'ತಪ್ಪು ಉತ್ತರ'.

ಕಾಗದದ ಗಿರಣಿಯಿಂದ ನಿವೃತ್ತನಾದ ಮೇಲೆ ಸಂಜೆ ತರಗತಿಗೆ ಹೋಗಿ ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿತ ರೈಮೋ ತಾನೇ ಕೂತು ಬರೆದ ಪ್ರೋಗ್ರಾಮು ಅದು. ಹಳೆಯ ಬೀಗವನ್ನೂ, ಬಾಗಿಲಿಗೆ ಅಂಟಿಸಿದ್ದ ಗಂಡಸರ, ಹೆಂಗಸರ ಸರದಿಯ ಚೀಟಿಯನ್ನೂ ಬೆಳಿಗ್ಗೆಯಷ್ಟೇ ಹೆಮ್ಮೆಯಿಂದ ಕಿತ್ತು ಹಾಕಿದ್ದ.

"ಕಲ್ಲು ಆರೋದ್ರೊಳಗೆ ತೆಗೆಸು ರೈಮೋ," ಎಂದಳು ಕಟ್ಟಡದ ಸಂಘದ ಅಧ್ಯಕ್ಷೆ ಲೆಂಪಿ. "ಇಲ್ಲಾಂದ್ರೆ ಸೋಮವಾರ ಈ ಪೆಟ್ಟಿಗೆ ಕಸಕ್ಕೆ, ಚೀಟಿ ಮತ್ತೆ ಬಾಗಿಲಿಗೆ. ನೀನು ಸುಮ್ಮನೆ ಮೀನು ಹಿಡಿಯೋಕೆ ಹೋಗು."

"ನಿನ್ನೆ ಪರೀಕ್ಷೆ ಮಾಡಿದೀನಲ್ಲ. 'ಬೆಕ್ಕು' ಅಂತ ಬರೆದೆ, ತೆಗೀಲಿಲ್ಲ. 'ಆಲೂಗಡ್ಡೆ' ಅಂತ ಬರೆದೆ, ತೆಗೀಲಿಲ್ಲ."

"ಇವತ್ತೂ ತೆಗೀತಿಲ್ಲ ಕಣಪ್ಪ. ಒಳ್ಳೇ ನಿಯತ್ತಿನ ಕಾವಲುಗಾರ," ಎಂದು ಸಾಲಿನಿಂದ ಯಾರೋ ಹೇಳಿದರು. ಎಲ್ಲರೂ ನಕ್ಕರು, ರೈಮೋ ನಗಲಿಲ್ಲ.

ಸಾಲಿನ ಕೊನೆಯಲ್ಲಿ ಕಾದ್ರಿ ನಿಂತಿದ್ದಳು. ಎಸ್ಟೋನಿಯಾದ ತಾರ್ತುವಿನ ಹುಡುಗಿ. ವಸಂತದಲ್ಲಿ ರೈಮೋನ ಮಗನ ಕೈ ಹಿಡಿದು ಈ ಮನೆಗೆ ಬಂದಿದ್ದಳು. ಇಂಥ ಪ್ರೋಗ್ರಾಮು ಬರೆಯುವುದೇ ಅವಳ ಹೊಟ್ಟೆಪಾಡು. ಅದಕ್ಕೇ ರೈಮೋ ತಾನು ಬರೆದ ಒಂದು ಸಾಲನ್ನೂ ಅವಳಿಗೆ ತೋರಿಸಿರಲಿಲ್ಲ. ಸೊಸೆಯ ಕೈಲಿ ತಪ್ಪು ಹಿಡಿಸಿಕೊಳ್ಳುವುದೆಂದರೆ ಅವನಿಗೆ ಮುಜುಗರ. ಈಗ ಬೇರೆ ದಾರಿ ಉಳಿದಿರಲಿಲ್ಲ. ಮುಖ ಆಚೆ ತಿರುಗಿಸಿಕೊಂಡೇ ಲ್ಯಾಪ್‌ಟಾಪನ್ನು ಅವಳತ್ತ ಚಾಚಿದ.

ಕಾದ್ರಿ ಓದಿದಳು. ಒಂದು ಅಕ್ಷರವನ್ನೂ ಮುಟ್ಟದೆ ವಾಪಸು ಕೊಟ್ಟು, ಹೋಗಿ ಬಾಗಿಲಿಗೆ ಅಡ್ಡಲಾಗಿ ಕೈ ಚಾಚಿ ನಿಂತಳು.

"ಯಾವ ಸರದಿ, ಮಾವ?"

"ಗಂಡಸರದ್ದು."

"ಅಂದ್ರೆ ಹೆಂಗಸರದ್ದಲ್ಲ. ಹೊರಗಿರಿ. ನಿಮ್ಮದು, ಲೆಂಪಿ?"

"ಹೆಂಗಸರದ್ದು."

"ಗಂಡಸರದ್ದಲ್ಲ. ನೀವೂ ಹೊರಗೇ."

"ಇದೆಂಥ ನ್ಯಾಯ?" ರೈಮೋ ರೇಗಿದ. "ಎರಡೂ ಆಗಿರೋನು ಬರಬೇಕು ಅಂದ್ರೆ ಯಾರು ತಾನೇ ಒಳಗೆ ಹೋಗ್ತಾರೆ?"

"ನನ್ನನ್ನ ಯಾಕೆ ಕೇಳ್ತೀರಿ ಮಾವ? ನೀವು ಬರೆದಿದ್ದನ್ನೇ ಮಾಡ್ತಿದೀನಿ."

ರೈಮೋ ಲ್ಯಾಪ್‌ಟಾಪಿನ ಪರದೆ ನೋಡಿದ. 'ಗಂಡಸರು ಅಲ್ಲದಿದ್ದರೆ, ಅಥವಾ ಹೆಂಗಸರು ಅಲ್ಲದಿದ್ದರೆ, ತೆಗೆಯಬೇಡ.' ತಾನೇ ಬರೆದ ಸಾಲು. ಯಾರೇ ಬಂದರೂ ಎರಡರಲ್ಲಿ ಒಂದಂತೂ ಆಗಿರುವುದಿಲ್ಲ, ಅಷ್ಟಕ್ಕೇ ತಡೆ. ಬೆಕ್ಕು, ಆಲೂಗಡ್ಡೆ ಹೊರಗುಳಿಯುತ್ತವೆಯೇ ಎಂದು ನೋಡಿದ್ದನೇ ಹೊರತು ಮನುಷ್ಯರು ಒಳಗೆ ಬರುತ್ತಾರೆಯೇ ಎಂದು ನೋಡಿರಲಿಲ್ಲ. ನೆಲದ ಮೇಲೆ ಕೂತು 'ಅಥವಾ' ಅಳಿಸಿ 'ಮತ್ತು' ಹಾಕಿದ. ಎರಡೂ ಅಲ್ಲದವನಿಗೆ ಮಾತ್ರ ಈಗ ತಡೆ. ಬಾಗಿಲ ಪಕ್ಕದ ಪರದೆಯ ಮೇಲೆ ಮತ್ತೆ 'ಗಂಡಸರು' ಎಂದು ಬರೆದ, ಬಾಗಿಲು ಕ್ಲಿಕ್ಕೆಂದು ತೆರೆಯಿತು.

"ನೀನೇ ತಿದ್ದಬಹುದಿತ್ತಲ್ಲೇ," ಎಂದ ಮೆಲ್ಲಗೆ.

"ನಿಮ್ಮ ಬಾಗಿಲು ಮಾವ. ನೀವೇ ತೆಗೆದ್ರೆ ಚೆಂದ."

ಅವಳ ಮೇಲೆ ರೈಮೋಗೆ ಅಕ್ಕರೆ ಉಕ್ಕಿ ಬಂತು. ವಸಂತದಿಂದಲೂ ಈ ಹುಡುಗಿಯ ಎದುರು ಸುಮ್ಮನೆ ಬಿಗಿದುಕೊಂಡಿದ್ದೆನಲ್ಲ ಅನ್ನಿಸಿತು. ಗಂಡಸರ ಸರದಿ ಮುಗಿದಾಗ ಬೆವರಿಳಿಸಿಕೊಂಡು ಹೊರಬಂದವನು, ತಾನೇ ಕಟ್ಟಿ ಯಾರಿಗೂ ಕೊಡದೆ ಜೋಪಾನವಾಗಿಟ್ಟಿದ್ದ ಬರ್ಚ್ ಮರದ ಎಲೆಗಳ ಕಂತೆಯನ್ನು ಅವಳ ಕೈಗಿತ್ತ. ಸೌನಾದೊಳಗೆ ಮೈಗೆ ಬಡಿದುಕೊಳ್ಳಲು ಅದಕ್ಕಿಂತ ಘಮದ್ದು ಆ ಕಟ್ಟಡದಲ್ಲಿ ಇನ್ನೊಂದಿರಲಿಲ್ಲ.

ಲೆಂಪಿಯ ಹುಬ್ಬು ಮೇಲೇರಿತು. "ನಾನು ಕೇಳಿದಾಗ ಒಂದು ಎಲೆ ಕೊಡ್ಲಿಲ್ಲ ನೀನು. ಇವಳೇನು ಎಸ್ಟೋನಿಯಾದಿಂದ ಬಂದ ನೆಂಟಳೋ, ನಿಮ್ಮನೆ ಮಗಳೋ?"

"ಎರಡೂ ಹೌದು ಲೆಂಪಿ," ಎಂದ ರೈಮೋ, ಬಾಗಿಲನ್ನು ಸೊಸೆಗಾಗಿ ತೆರೆದು ಹಿಡಿದು ನಿಂತು. "ಒಂದೇ ಆಗಿದ್ರೂ ಸಾಕಿತ್ತು."