ಮೈಕ್ ಇಡುವ ಜಾಗ

ದಾನೇಶ್ವರಿ ಸ್ಟ್ಯಾಂಡಿನ ತಿರುಪು ಬಿಗಿ ಮಾಡುತ್ತಿದ್ದಳು. ಮೈಕು ಹುಡುಗಿಯ ಹಣೆಯ ಮಟ್ಟದಲ್ಲಿ, ಒಂದು ಮೊಳ ದೂರದಲ್ಲಿ, ಕೊಳಲಿನ ಮೇಲಾಡುವ ಬೆರಳುಗಳ ಕಡೆ ಬಾಗಿ ನಿಂತಿತ್ತು. ಅಷ್ಟರಲ್ಲಿ ಹಿಂದಿನಿಂದ ಗಂಡನ ಕೈ ಬಂದು ಅದನ್ನು ಕೆಳಗೆ ಎಳೆಯಿತು.

"ಇಲ್ಲಿಡು. ಬಾಯಿ ಮುಂದ."

"ಬಾಯಿ ಮುಂದ ಇಟ್ರ ಉಸಿರು ಬಡಿತೈತ್ರೀ."

"ಕೊಳಲು ಊದಾಂವ ನಾನೋ, ನೀನೋ?"

ಅವಳು ತಿರುಪಿನಿಂದ ಕೈ ತೆಗೆದಳು. ಪ್ರಿಯಾಂಕಾ ತಲೆ ತಗ್ಗಿಸಿ ನಕ್ಕಳು. ಮಸ್ಕಿಯಿಂದ ಬಸ್ಸು ಹಿಡಿದು ಕಲಿಯಲು ಬರುವ ಈ ಹುಡುಗಿಗೆ ಗುರುವಿನ ಮನೆಯ ಮಾತಿನ ಚಕಮಕಿ ಹೊಸದಲ್ಲ.

ಸಿಂಧನೂರಿನ ಆ ಮನೆಯ ಮುಂದಿನ ಕೋಣೆಯೇ ರೆಕಾರ್ಡಿಂಗ್ ಕೋಣೆ. ಕಿಟಕಿಗೆಲ್ಲ ಕೌದಿ ಹೊಚ್ಚಿತ್ತು. ಭತ್ತ ತುಂಬಿದ ಟ್ರ್ಯಾಕ್ಟರುಗಳ ಸದ್ದು ಒಳಗೆ ಬರಬಾರದು. ಫ್ಯಾನೂ ಬಂದ್. ಪ್ರಿಯಾಂಕಾಳ ಕತ್ತಿನಿಂದ ಬೆವರು ಇಳಿಯುತ್ತಿತ್ತು. ಧಾರವಾಡದ ಸಂಗೀತ ವಿದ್ಯಾಲಯಕ್ಕೆ ಒಂದು ರಾಗ ನುಡಿಸಿ ಕಳಿಸಬೇಕು. ಇಂದು ಸಂಜೆಯೇ ಕಡೆ. ಅವರಿಗೆ ಮೆಚ್ಚಿಕೆಯಾದರೆ ಅಲ್ಲೇ ಇಟ್ಟುಕೊಂಡು ಕಲಿಸುತ್ತಾರೆ.

ಮೈಕಿನ ಕಟ್ಟಳೆಯನ್ನು ದಾನೇಶ್ವರಿಗೆ ಕಲಿಸಿದವನು ಗಂಡ ಸಿದ್ದಲಿಂಗೇಶನೇ. ವೇದಿಕೆಯಲ್ಲಾದರೆ ಹತ್ತಿರ ಇಡಬೇಕು, ಇಲ್ಲದಿದ್ದರೆ ತಬಲಾ ನುಂಗಿಹಾಕುತ್ತದೆ, ಸ್ಪೀಕರು ಸಿಳ್ಳೆ ಹೊಡೆಯುತ್ತದೆ. ಕೋಣೆಯಲ್ಲಾದರೆ ದೂರ, ಮೇಲಿನಿಂದ. ಎಲ್ಲಿಯೇ ಆದರೂ ಊದಿದ ಗಾಳಿ ಮೈಕಿನ ಪಕ್ಕದಿಂದ ಹಾಯ್ದು ಹೋಗಬೇಕು, ಅದರ ಮುಖಕ್ಕೆ ಬಡಿಯಬಾರದು. ತನ್ನ ಮೈಕು ಎರಡು ಬೆರಳು ಸರಿದಿದ್ದರೂ ಅವನು ವೇದಿಕೆಯಿಂದಲೇ ಅವಳತ್ತ ಕಣ್ಣು ಕೆಂಪು ಮಾಡುತ್ತಿದ್ದ.

ಹಾಗಾಗಿ ಇಂದು ಅವನು ಮೈಕು ಕೆಳಗೆಳೆದದ್ದು ತಪ್ಪಿ ಮಾಡಿದ್ದಲ್ಲ ಎಂದು ಅವಳಿಗೆ ಗೊತ್ತಿತ್ತು. ಯಾಕೆ ಎಂಬುದೂ ಗೊತ್ತಿತ್ತು. ಹೋದ ತಿಂಗಳು ಲಿಂಗಸುಗೂರಿನ ಕಾರ್ಯಕ್ರಮದಲ್ಲಿ ನೀಳ ಸ್ವರದ ನಡುವೆ ಅವನ ಉಸಿರು ಮುರಿಯಿತು. ಹಿಂದೆ ಕುಳಿತ ಪ್ರಿಯಾಂಕಾ ಅದೇ ಸ್ವರವನ್ನು ಎಳೆ ಕಡಿಯದಂತೆ ಎತ್ತಿಕೊಂಡಳು. ಸೌಂಡ್ ಮಿಕ್ಸರಿನ ಮುಂದಿದ್ದ ದಾನೇಶ್ವರಿ ಅವನ ಮೈಕಿನ ಸದ್ದು ಇಳಿಸಿ ಹುಡುಗಿಯದನ್ನು ಏರಿಸಿದಳು. ಜನ ಅವನಿಗೇ ಚಪ್ಪಾಳೆ ತಟ್ಟಿದರು. ಅಂಥ ಕಾರ್ಯಕ್ರಮ ಈಗ ಒಂದೆರಡಲ್ಲ.

"ಅಕಿ ಧಾರವಾಡಕ್ಕ ಹೋದ್ರ ನನ್ನ ಹಿಂದ ಯಾರು ಕುಂಡ್ರತಾರ?" ಎಂದಿದ್ದ ಬೆಳಿಗ್ಗೆ ರೊಟ್ಟಿ ಮುರಿಯುತ್ತ. "ಹಡೆದವ್ರಕಿಂತ ಹೆಚ್ಚು ನೋಡ್ಕೊಂಡೀನಿ."

ಪ್ರಿಯಾಂಕಾ ನುಡಿಸಿದಳು. ಸಿದ್ದಲಿಂಗೇಶ ಅದನ್ನು ಸ್ಪೀಕರಿನಲ್ಲಿ ಹಚ್ಚಿದ.

ಸ್ವರಕ್ಕಿಂತ ಮೊದಲು ಗಾಳಿ. ಹಸಿ ಕಟ್ಟಿಗೆಯ ಒಲೆಯನ್ನು ಯಾರೋ ಊದುತ್ತಿದ್ದಂತೆ. ಅದರ ಹಿಂದೆಲ್ಲೋ ತೆಳ್ಳಗೆ ಒಂದು ರಾಗ.

"ಇದು ನಂದಾ ಏನ್ರೀ ಸರ್?"

"ಮೈಕು ಸುಳ್ಳ ಹೇಳಂಗಿಲ್ಲ ತಂಗಿ." ಅವನ ದನಿ ಮೆತ್ತಗಾಗಿತ್ತು. "ನಿನಗ ಬೆರಳದಾವ, ಎದಿ ಇಲ್ಲ. ದುಃಖ ಮಾಡಬ್ಯಾಡ. ನಾ ಅದೀನಲ್ಲ."

ಹೊರಗೆ ಫೋನು ಬಡಿದುಕೊಂಡಿತು. ಅವನು ಎದ್ದು ಅಂಗಳಕ್ಕೆ ಹೋದ.

ದಾನೇಶ್ವರಿ ಕುಳಿತಲ್ಲೇ ಕುಳಿತಳು. ಬೆರಳದಾವ, ಎದಿ ಇಲ್ಲ. ದುಃಖ ಮಾಡಬ್ಯಾಡ. ನಾ ಅದೀನಲ್ಲ. ಇದೇ ಮಾತು, ಇದೇ ಮೆತ್ತನೆ ದನಿ. ಮದುವೆಯಾಗಿ ಬಂದ ಹೊಸತರಲ್ಲಿ, ಗುರುಗುಂಟಾದ ತವರಿನಿಂದ ತಂದ ಕೊಳಲನ್ನು ಹಿಡಿದು ಇದೇ ಕೋಣೆಯಲ್ಲಿ ಅವಳು ಕುಳಿತಿದ್ದಳು. "ಟೇಪ್ ಮಾಡೋಣ ಬಾ" ಎಂದು ಪ್ರೀತಿಯಿಂದ ಕರೆದು, ಮೈಕನ್ನು ತನ್ನ ಕೈಯಾರೆ ಹಿಡಿದಿದ್ದ. ಬಾಯಿಯ ಮುಂದೆ. ಆಗ ಅವಳಿಗೆ ಮೈಕಿನ ಗಂಧವೂ ಗೊತ್ತಿರಲಿಲ್ಲ. ಕೇಳಿಸಿದ ಆ ಗಾಳಿ ತನ್ನ ಎದೆಯದೇ ಎಂದು ನಂಬಿದಳು. ಕೊಳಲನ್ನು ಮತ್ತೆ ತುಟಿಗೆ ಇಡಲಿಲ್ಲ. ಆಮೇಲೆ ಕಲಿತ ಕಟ್ಟಳೆಯೆಲ್ಲ ಅವನ ಕೊಳಲಿಗೆ ಮಾತ್ರ. ತನ್ನ ಆ ಒಂದು ದಿನಕ್ಕೆ ಅದನ್ನು ಹಚ್ಚಿ ನೋಡಬೇಕೆಂದು ಅವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ.

"ಅಕ್ಕಾರ," ಪ್ರಿಯಾಂಕಾ ಮೂಗು ಒರೆಸಿಕೊಂಡಳು, "ಇನ್ನೊಂದ್ ಸಲ ನುಡಿಸ್ಲೇನ್ರೀ? ನೀವ ಮೈಕ್ ಇಡ್ರಿ. ನಿಮ್ಮ ಕೈ ಛಲೋ ಅಂತ ಸರೇ ಅಂತಿರ್ತಾರ."

ದಾನೇಶ್ವರಿ ಎದ್ದಳು. ಬಾಗಿಲ ಚಿಲಕ ಹಾಕಿದಳು. ಮೈಕನ್ನು ಬಾಯಿಯ ಮುಂದಿನಿಂದ ಬಿಡಿಸಿ ಮೇಲೆತ್ತಿ, ಮೊದಲಿದ್ದ ಜಾಗಕ್ಕೇ ತಂದಳು. ಕಿವಿಗೆ ಹೆಡ್‌ಫೋನ್ ಏರಿಸಿಕೊಂಡಳು. "ನುಡಸವ್ವಾ. ಯಾರಿಗೂ ಅಂಜಬ್ಯಾಡ."

ಹುಡುಗಿ ಕಣ್ಣು ಮುಚ್ಚಿದಳು.

ಈ ಸಲ ಗಾಳಿ ಇರಲಿಲ್ಲ. ಸ್ವರ ಒಂದೇ ಇತ್ತು. ತುಂಬಿದ್ದು, ಬೆಚ್ಚಗಿನದು, ತುದಿ ಮುಟ್ಟುವವರೆಗೂ ಅಲುಗದ್ದು. ದಾನೇಶ್ವರಿಯ ಮೈಮೇಲಿನ ಕೂದಲು ಎದ್ದವು. ಇಡೀ ಕೋಣೆಯಲ್ಲಿ ಮೈಕು ಹಿಡಿದದ್ದನ್ನು ಇದ್ದದ್ದು ಇದ್ದಂತೆ ಕೇಳುತ್ತಿದ್ದ ಕಿವಿ ಅವಳದೊಂದೇ. ರಾಗ ಮುಗಿಯಿತು. ಒಂದು ಗುಂಡಿ ಒತ್ತಿದರೆ ಅದು ಧಾರವಾಡದಲ್ಲಿರುತ್ತಿತ್ತು.

ಒತ್ತಿದರೆ ಅದು ಅಲ್ಲಿಗೆ ನಿಲ್ಲುತ್ತಿರಲಿಲ್ಲ. ಇವಳಿಗೆ ಎದೆ ಇದೆ ಎಂದಾದರೆ, ಅಂದು ತನಗೂ ಇತ್ತು ಎಂದಾಯಿತು. ಇಲ್ಲದ್ದಕ್ಕೆ ಬಿಟ್ಟೆ ಎಂದುಕೊಂಡು ಅಡುಗೆ ಮಾಡಿದ್ದಾಯಿತು, ಮಕ್ಕಳನ್ನು ಹೆತ್ತದ್ದಾಯಿತು, ಅವನ ವೈರು ಸುತ್ತಿದ್ದಾಯಿತು. ಇದ್ದೂ ಬಿಟ್ಟೆ ಎಂದು ತಿಳಿದ ಮೇಲೆ ನಾಳೆ ಬೆಳಿಗ್ಗೆ ಎದ್ದು ಏನು ಮಾಡುವುದು?

"ಹೆಂಗ ಬಂತ್ರೀ ಅಕ್ಕಾರ?" ಹುಡುಗಿ ಅವಳ ಮುಖವನ್ನೇ ನೋಡುತ್ತಿದ್ದಳು.

"ಅದಽ ಗಾಳಿ ಬಂತವ್ವಾ," ಎಂದು ದಾನೇಶ್ವರಿ ಆ ರಾಗವನ್ನು ಅಳಿಸಿಹಾಕಿದಳು.