ಹೊಸ ಕಂಪ್ಯೂಟರಿಗೆ ಬಾರದ ದನಿ

"ಅದೊಂದು ಬಂತೇನವ್ವಾ?" ಎಂದು ಗುರುಪಾದಯ್ಯ ಮೂರನೆಯ ಸಲ ಕೇಳಿದರು. ಹತ್ತಿ ಅಂಗಡಿಯ ಹಳೆಯ ಕಂಪ್ಯೂಟರಿನಿಂದ ಎಲ್ಲವನ್ನೂ ಹೊಸದಕ್ಕೆ ಸಾಗಿಸುತ್ತಿದ್ದ ಸೊಸೆ ಅಶ್ವಿನಿ, "ಉಳಿದದ್ದೆಲ್ಲಾ ಬಂದೈತ್ರಿ ಮಾವಾರ," ಎಂದಳು. ಅವರಿಗೆ ಬೇಕಾದದ್ದು ಒಂದೇ. ಹಳೆಯದನ್ನು ಚಾಲೂ ಮಾಡಿದೊಡನೆ, ತೀರಿಹೋದ ಮಗ ಸೋಮೇಶನ ದನಿ ಕೇಳುತ್ತಿತ್ತು: "ಅಪ್ಪಾ, ಪೂಜಿ ಆತೇನ್ರಿ?" ಬದುಕಿದ್ದಾಗ ತಮಾಷೆಗೆಂದು ಅವನೇ ಹಾಗೆ ಜೋಡಿಸಿಟ್ಟಿದ್ದ. ಎಂಟು ತಿಂಗಳಿಂದ ಮುದುಕರು ದಿನಾ ಬೆಳಿಗ್ಗೆ ಅದಕ್ಕೆ "ಆತಪ್ಪಾ" ಎಂದು ಉತ್ತರ ಕೊಟ್ಟೇ ಗಾದಿಯ ಮೇಲೆ ಕೂರುತ್ತಿದ್ದರು.

ಅಶ್ವಿನಿಯ ಬೋಳು ಕೈ ಮೌಸಿನ ಮೇಲೆ ನಿಂತಿತು. "ನಾನು ದಿಂಬಿನ ಕೆಳಗ ಇಟಕೊಂಡಿದ್ದ ಅವರ ಅಂಗಿ ನೆನಪೈತೇನ್ರಿ? ಅದನ್ನ ಮಾಧವರಂ ಊರ ಹತ್ರ ಹೊಳಿಗೆ ಒಯ್ದು ಬಿಟ್ಟು ಬಂದ್ರಿ. ಲಿಂಗೈಕ್ಯ ಆದವರ ಗುರುತು ಮನ್ಯಾಗ ಇಟಕೋಬಾರದು ಅಂದ್ರಿ."

"ಅದು ಧರ್ಮದ ಮಾತವ್ವಾ. ನಿನ್ನ ಒಳ್ಳೇದಕ್ಕ ಅಂದೆ."

"ನಾನೂ ನಿಮ್ಮ ಒಳ್ಳೇದಕ್ಕನ ಮಾಡಾಕತ್ತೀನ್ರಿ."

ಅವಳು ಹಳೆಯ ಯಂತ್ರದಲ್ಲಿ ಆ ದನಿಯನ್ನು ಹುಡುಕಿ ಒಮ್ಮೆ ಕೇಳಿಸಿದಳು. "ಅಪ್ಪಾ, ಪೂಜಿ ಆತೇನ್ರಿ?" ಗುರುಪಾದಯ್ಯನವರ ಬಾಯಿ ರೂಢಿಯಂತೆ ತೆರೆಯಿತು. ಉತ್ತರ ಹೊರಡುವ ಮೊದಲೇ ಅವಳು ಗುಂಡಿ ಒತ್ತಿದಳು. ಅಳಿಸಬೇಕೇ ಎಂದು ಕೇಳಿದ ಪರದೆಗೆ ಹೌದು ಎಂದಳು. ಮುದುಕರ ಕೈ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ತಡವಿತು. ಕಣ್ಣು ತುಂಬಿ ಬಂತು.

ಅಶ್ವಿನಿ ಧೂಳೇ ಇಲ್ಲದ ಹೊಸ ಪರದೆಯನ್ನು ಸೆರಗಿನಿಂದ ಒರೆಸಿ, ಅಂಗಿ ಒಯ್ದ ದಿನ ಅವರು ತನಗೆ ಹೇಳಿದ್ದ ಅದೇ ಮೆತ್ತನೆಯ ದನಿಯಲ್ಲಿ ಹೇಳಿದಳು: "ಅಳಬ್ಯಾಡ್ರಿ ಮಾವಾರ. ಅತ್ತರ ಹೋದವರ ದಾರಿಗೆ ಅಡ್ಡ ಆಗತೈತಿ."